ಬದುಕುಳಿದ ತೊಗರಿ ಗಿಡದ ಬೀಜ ಬಿತ್ತಿದರೂ ನೆಟೆ ರೋಗ ಬರುತ್ತಿದೆ

ಪ್ರಶ್ನೆ (ಆಳಂದ ತಾಲ್ಲೂಕು):
ನಮ್ಮದು ಎರೆ ಹೊಲ. ಗುಳ್ಯಾಳ ತಳಿಯ ತೊಗರಿಯಲ್ಲಿ ನೆಟೆ ರೋಗಕ್ಕೆ ಸಿಗದೆ ಉಳಿದ ಗಿಡಗಳ ಬೀಜವನ್ನು ಒಟ್ಟುಗೂಡಿಸಿ ಮೂರು ವರ್ಷಗಳಿಂದ ಬಿತ್ತುತ್ತಿದ್ದೇನೆ. ಈ ಸಲವೂ ಹೂ ಬಿಡುವ ಹೊತ್ತಿಗೆ ಗಿಡಗಳು ಗುಂಪುಗುಂಪಾಗಿ ಬಾಡಿವೆ. ತೊಗಟೆ ಸುಲಿದರೆ ಬುಡದಿಂದ ಮೇಲಕ್ಕೆ ಕಂದು ಪಟ್ಟೆ ಹತ್ತಿರುವುದು ಕಾಣುತ್ತದೆ. ಆಯ್ಕೆಯಲ್ಲಿ ಎಲ್ಲಿ ತಪ್ಪಿದ್ದೇನೆ?

ಉತ್ತರ (ಚಿತ್ತಾಪುರ ತಾಲ್ಲೂಕು):
ಸರ್, ಆ ಕಂದು ಪಟ್ಟೆ ಫ್ಯುಸೇರಿಯಂ ಉಡಮ್ ಶಿಲೀಂಧ್ರದ ಗುರುತು, ಆದ್ದರಿಂದ ರೋಗವನ್ನು ನೀವು ಸರಿಯಾಗಿಯೇ ಗುರುತಿಸಿದ್ದೀರಿ. ತೊಂದರೆ ಇರುವುದು ಎರಡು ಕಡೆ. ರೋಗಾಣು ಹೊಲದಲ್ಲಿ ಸಮನಾಗಿ ಹರಡಿರುವುದಿಲ್ಲವಾದ್ದರಿಂದ, ಉಳಿದ ಗಿಡಕ್ಕೆ ನಿರೋಧಕ ಶಕ್ತಿ ಇತ್ತೋ ಅಥವಾ ಅದರ ಬೇರಿಗೆ ರೋಗಾಣುವೇ ತಾಗಲಿಲ್ಲವೋ ಎಂಬುದು ಒಂದು ವರ್ಷದ ನೋಟದಿಂದ ತಿಳಿಯದು. ಇನ್ನೊಂದು, ಇದಕ್ಕಿಂತ ದೊಡ್ಡದು: ತೊಗರಿ ಹೂವಿಗೆ ಜೇನುನೊಣಗಳು ಪಕ್ಕದ ಗಿಡದ ಪರಾಗವನ್ನು ತರುತ್ತವೆ. ನಿರೋಧಕ ಗಿಡದ ಕಾಯಿಯಲ್ಲೂ ರೋಗಕ್ಕೆ ತುತ್ತಾಗುವ ಗಿಡದ ಸಂತಾನ ಬೆರೆತಿರುತ್ತದೆ, ಬೀಜವನ್ನು ಒಟ್ಟಿಗೆ ಹಾಕಿದ ಮೇಲೆ ಅದನ್ನು ಬೇರ್ಪಡಿಸಲು ದಾರಿಯೇ ಇಲ್ಲ.

ಜೇನುನೊಣ ಹೂವಿಗೆ ತಾಗದಂತೆ, ಬಾಡದೆ ನಿಂತ ಗಿಡದ ಮೊಗ್ಗು ಅರಳುವ ಮೊದಲೇ ಕೊಂಬೆಗೆ ತೆಳುವಾದ ಮಲ್ಮಲ್ ಬಟ್ಟೆಯ ಚೀಲ ಕಟ್ಟಿ, ಆಗಲೇ ಅರಳಿದ ಹೂ, ಕಟ್ಟಿದ ಕಾಯಿಗಳನ್ನು ಕಿತ್ತುಬಿಡಿ. ಒಂದೊಂದು ಗಿಡದ ಬೀಜವನ್ನೂ ಬೇರೆ ಬೇರೆ ಪೊಟ್ಟಣದಲ್ಲಿಟ್ಟು, ಮರುವರ್ಷ ಒಂದೊಂದನ್ನು ಒಂದೊಂದು ಸಾಲಾಗಿ ರೋಗ ಹೆಚ್ಚಿರುವ ಜಾಗದಲ್ಲೇ ಬಿತ್ತಿ. ನಡುನಡುವೆ ಆಯ್ಕೆ ಮಾಡದ ಗುಳ್ಯಾಳದ ಸಾಲು ಇರಲೇಬೇಕು. ಅದು ಬಾಡಿ, ಪಕ್ಕದ ಸಾಲು ನಿಂತರೆ ಮಾತ್ರ ನಿಮ್ಮ ಆಯ್ಕೆಗೆ ಅರ್ಥ. ಹೋಲಿಕೆಗೆ ನೆಟೆ ನಿರೋಧಕವಾದ ಮಾರುತಿ (ಐಸಿಪಿ 8863) ಅಥವಾ ಟಿಎಸ್-3ಆರ್ ತಳಿಯ ಒಂದು ಸಾಲು ಹಾಕಿ.

ಪ್ರಶ್ನೆ ಕೇಳಿದವರು:
ಬೇರಿನ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಮುತ್ತಿನಂಥ ಕಣಗಳೂ ಇವೆ. ಅವು ಗಿಡಕ್ಕೆ ಸಾರಜನಕ ಒದಗಿಸುವ ಬೇರಿನ ಗಂಟುಗಳೇ?

ಉತ್ತರ:
ಅಲ್ಲ ಸರ್. ಸಾರಜನಕದ ಗಂಟು ದೊಡ್ಡದು, ಒಡೆದರೆ ಒಳಗೆ ನಸುಗೆಂಪು. ನೀವು ಕಂಡದ್ದು ತೊಗರಿಯ ಕೋಶ ಜಂತುಹುಳುವಿನ (ಬೇರಿಗೆ ಅಂಟಿ ರಸ ಹೀರುವ ಸಣ್ಣ ಹುಳು) ಹೆಣ್ಣುಗಳಿರಬೇಕು. ಇದಿರುವ ಹೊಲದಲ್ಲಿ ನೆಟೆ ಇನ್ನಷ್ಟು ಜೋರಾಗುತ್ತದೆ. ಆದ್ದರಿಂದ ಪ್ರತಿ ಸಾಲಿನಿಂದ ಒಂದೆರಡು ಗಿಡಗಳನ್ನು ಬಿತ್ತಿದ ಒಂದೂವರೆ ತಿಂಗಳ ಸುಮಾರಿಗೆ ಮಣ್ಣಿನ ಸಮೇತ ಅಗೆದು, ಬಕೆಟ್ ನೀರಿನಲ್ಲಿ ಮೆಲ್ಲಗೆ ತೊಳೆದು ಮುತ್ತುಗಳನ್ನು ಎಣಿಸಿ ಬರೆದಿಡಿ. ಎಳೆದು ಕಿತ್ತರೆ ಅವು ಮಣ್ಣಿನಲ್ಲೇ ಉದುರಿ ಲೆಕ್ಕ ತಪ್ಪುತ್ತದೆ.

ಪರೀಕ್ಷೆಯ ಜಾಗದ ಬಾಡಿದ ಕಟ್ಟಿಗೆಯನ್ನು ಅಲ್ಲೇ ಬಿಡಿ, ಬೇರೆ ಹೊಲಕ್ಕೆ ಒಯ್ಯಬೇಡಿ, ಏಕೆಂದರೆ ರೋಗಾಣು ಅದರಲ್ಲಿ ಸುಮಾರು ಮೂರು ವರ್ಷ ಜೀವಂತವಾಗಿರುತ್ತದೆ. ಉಳಿದ ಹೊಲದಲ್ಲಿ ತೊಗರಿಯ ಜೊತೆ ಜೋಳ ಹಾಕಿದರೆ ನೆಟೆ ಕಡಿಮೆಯಾಗುತ್ತದೆ.