ದಿನವೂ ಅದೇ ಕೆಲಸ ಮಾಡುವವರಿಗೆ ಹೊಸ ಆಲೋಚನೆ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಕಿರ್ದಿಪುಸ್ತಕ, ವಿಜಯಪುರ

ವಿಜಯಪುರದ ಒಂದು ಪತ್ತಿನ ಸಹಕಾರ ಸಂಘದಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಅಂಗಡಿ ಅಂಗಡಿಗೆ ಹೋಗಿ ದಿನದ ಸಣ್ಣ ಠೇವಣಿ ಕೂಡಿಸುವ ಪಿಗ್ಮಿ ಸಂಗ್ರಾಹಕರು ತರುವ ಚೀಟಿಗಳನ್ನು ಖಾತೆಗೆ ಏರಿಸುವುದು, ಸಂಜೆ ಜಮಾ-ಖರ್ಚು ತಾಳೆ ನೋಡುವುದು, ತಿಂಗಳ ಕೊನೆಗೆ ಶಿಲ್ಕು ಹೊಂದಿಸುವುದು, ಇಷ್ಟು ನನ್ನ ಕೆಲಸ. ಕಳೆದ ತಿಂಗಳು ತಂಗಿಯ ಮಕ್ಕಳನ್ನು ಗೋಲಗುಮ್ಮಟಕ್ಕೆ ಕರೆದೊಯ್ದಿದ್ದೆ. ಹುಟ್ಟಿದಾಗಿನಿಂದ ಕಂಡ ಗುಮ್ಮಟವದು. ಆದರೆ ನಡುವೆ ಒಂದು ಕಂಬವೂ ಇಲ್ಲದೆ ಇದು ಹೇಗೆ ನಿಂತಿದೆ ಎಂದು ಹನ್ನೆರಡು ವರ್ಷದ ಹುಡುಗ ಕೇಳಿದಾಗಲೇ ನಾನು ಕತ್ತೆತ್ತಿ ಸರಿಯಾಗಿ ನೋಡಿದ್ದು. ಕೆಳಗೆ ಚೌಕದ ಗೋಡೆಗಳು, ಮೇಲೆ ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟ; ಚೌಕವನ್ನು ವೃತ್ತಕ್ಕೆ ಒಯ್ಯುವ ಕೆಲಸವನ್ನು ಒಂದನ್ನೊಂದು ಹಾಯ್ದುಹೋಗುವ ಎಂಟು ಕಮಾನುಗಳು ಮಾಡುತ್ತವೆ. 1656ರಲ್ಲಿ ಈ ಕಟ್ಟಡ ಮುಗಿಯುವುದಕ್ಕೆ ಎಷ್ಟೋ ವರ್ಷ ಮೊದಲೇ, ಇಷ್ಟು ಭಾರವನ್ನು ಹೀಗೆ ಹೊರಿಸಬಹುದೆಂದು ಯಾರೋ ಧೈರ್ಯದಿಂದ ಯೋಚಿಸಿರಬೇಕು.

ಅಂದಿನಿಂದ ನನಗೆ ಒಂದು ಬಗೆಯ ಕೊರಗು. ಹದಿನಾಲ್ಕು ವರ್ಷಗಳಲ್ಲಿ ನನ್ನದೇ ಆದ ಒಂದು ಆಲೋಚನೆಯೂ ನನ್ನ ಕೆಲಸದಲ್ಲಿ ಹುಟ್ಟಿದ್ದು ನೆನಪಿಲ್ಲ. ಹವ್ಯಾಸ ಬೆಳೆಸಿಕೊಳ್ಳಿ ಎಂದು ಗೆಳತಿಯರು ಹೇಳುತ್ತಾರೆ. ಎರಡು ತಿಂಗಳು ಚಿತ್ರಕಲೆಯ ತರಗತಿಗೂ ಹೋಗಿ ಬಂದೆ. ನಾನು ಕೇಳುತ್ತಿರುವುದು ಬೇರೆ. ದಿನದ ಎಂಟು ಗಂಟೆ ಕಳೆಯುವ ಜಾಗದಲ್ಲಿಯೇ, ನಿಯಮಗಳು ಬಿಗಿಯಾಗಿರುವ ಕೆಲಸದಲ್ಲಿಯೇ, ಹೊಸತನ್ನು ಕಾಣಲು ಸಾಧ್ಯವೇ? ಕಂಡವರು ದಯವಿಟ್ಟು ನಿಮ್ಮ ಅನುಭವವನ್ನು ಬರೆಯಿರಿ.

ಉತ್ತರ: ಕುಣಿಮಗ್ಗ, ಇಳಕಲ್ಲ

ಬಿಗಿಯಾದ ನಿಯಮ ಎಂದಿರಲ್ಲ, ಅಲ್ಲಿಂದಲೇ ಆರಂಭಿಸುತ್ತೇನೆ. ನಮ್ಮ ಮನೆಯಲ್ಲಿ ನೇಯುವುದು ಇಳಕಲ್ಲ ಸೀರೆ. ಸೆರಗು ಕೆಂಪಾಗಿಯೇ ಇರಬೇಕು, ಅದರಲ್ಲಿ ಬಿಳಿಯ ತೆನೆಗಳು ಇರಬೇಕು, ದಡಿಯ ವಿನ್ಯಾಸ ಗೋಮಿಯೋ ಚಿಕ್ಕಿ ಪರಾಸೋ ಗಾಡಿಯೋ ಆಗಬೇಕು. ಹೊರಗಿನಿಂದ ನೋಡುವವರಿಗೆ ನೂರಾರು ವರ್ಷಗಳಿಂದ ಒಂದೇ ಸೀರೆಯನ್ನು ನೇಯುತ್ತಿದ್ದಾರೆ ಎನ್ನಿಸಬಹುದು.

ಆದರೆ ಆ ಸೀರೆಯ ಜೋಡಣೆಯನ್ನು ಗಮನಿಸಿ. ಒಡಲಿನ ಹಾಸು, ಎಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು, ಹತ್ತಿಯದು; ಸೆರಗಿನ ಹಾಸು ರೇಷ್ಮೆಯದು. ಎರಡು ಬೇರೆ ಬೇರೆ ಹಾಸುಗಳನ್ನು ಕುಣಿಕೆಗಳಿಂದ ಎಳೆಗೆ ಎಳೆ ಕೂಡಿಸುತ್ತಾರೆ. ಇದನ್ನೇ ನಮ್ಮಲ್ಲಿ ಟೋಪ ತೆನಿ ಎನ್ನುವುದು. ಬೇರೆ ಕಡೆ ಒಂದೇ ಉದ್ದದ ಹಾಸನ್ನು ಹೂಡಿ ಹಲವು ಸೀರೆಗಳನ್ನು ಸಾಲಾಗಿ ನೇಯ್ದು ಕತ್ತರಿಸಬಹುದು. ಟೋಪ ತೆನಿಯ ಸೀರೆಯಲ್ಲಿ ಪ್ರತಿಯೊಂದಕ್ಕೂ, ಆರು ಗಜವೋ ಎಂಟು ಗಜವೋ ಒಂಬತ್ತು ಗಜವೋ ಬೇಕಾದಷ್ಟು, ಹಾಸನ್ನು ಹೊಸದಾಗಿಯೇ ಸಿದ್ಧಪಡಿಸಬೇಕು. ಇಷ್ಟು ಕಷ್ಟವನ್ನು ಯಾರಾದರೂ ಏಕೆ ಮೈಮೇಲೆ ಎಳೆದುಕೊಂಡರು ಎಂದು ನಾನು ಬಹಳ ಯೋಚಿಸಿದ್ದೇನೆ. ನಮ್ಮದು ಬಿಸಿಲ ಸೀಮೆ, ಹೊಲಗೆಲಸಕ್ಕೆ ಹೋಗುವ ಹೆಂಗಸಿನ ಮೈಗೆ ಹತ್ತಿಯೇ ಹಿತ. ಹಾಗೆಂದು ರೇಷ್ಮೆಯ ಆಸೆಯನ್ನು ಬಿಡಬೇಕೇ? ತಲೆಯ ಮೇಲೆ ಹೊದ್ದುಕೊಳ್ಳುವ, ಎಲ್ಲರಿಗೂ ಕಾಣುವ ಸೆರಗಿಗಷ್ಟೇ ರೇಷ್ಮೆಯನ್ನು ಇಟ್ಟು, ಉಳಿದುದನ್ನು ಹತ್ತಿಯಲ್ಲಿ ಮುಗಿಸಿದ ಆ ಲೆಕ್ಕಾಚಾರಕ್ಕೆ ನಾನು ದಿನವೂ ಮನಸ್ಸಿನಲ್ಲಿಯೇ ಕೈಮುಗಿಯುತ್ತೇನೆ. ಆ ತುದಿಯ ಆಕಾರಗಳಾದರೂ ಎಲ್ಲಿಂದ ಬಂದವು? ತಲೆ ಬಾಚುವ ಹಣಿಗೆ, ಕೋಟೆಯ ತೆನೆಗೋಡೆ, ಹೊಲದ ಜೋಳದ ತೆನೆ: ಬಾಗಿಲಲ್ಲಿ ನಿಂತರೆ ಕಣ್ಣಿಗೆ ಬೀಳುವ ವಸ್ತುಗಳು.

ಇನ್ನೊಂದು ಸಣ್ಣ ಸಂಗತಿ. ನನ್ನ ಅವ್ವ ಸಂಜೆಗತ್ತಲಲ್ಲಿ ಎಳೆ ಕೂಡಿಸುವಾಗ ಹಾಸಿನ ಕೆಳಗೆ ಅಪ್ಪನ ಹಳೆಯ ಬಿಳಿ ಧೋತರವನ್ನು ಹಾಸುತ್ತಿದ್ದಳು. ಗಾಢ ಬಣ್ಣದ ಎಳೆಗಳು ಬಿಳಿಯ ಮೇಲೆ ಒಂದೊಂದಾಗಿ ಎದ್ದು ಕಾಣುತ್ತಿದ್ದವು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅದು ಒಂದು ಆಲೋಚನೆ ಎಂದು ಅವಳಿಗೂ ಅನ್ನಿಸಿರಲಿಲ್ಲ, ನಮಗೂ ಅನ್ನಿಸಿರಲಿಲ್ಲ. ನಿಮ್ಮ ಹದಿನಾಲ್ಕು ವರ್ಷಗಳಲ್ಲಿಯೂ ಇಂಥ ಹಲವು ಧೋತರಗಳು ಇದ್ದೇ ಇರುತ್ತವೆ. ನೀವು ಅವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಉತ್ತರ: ಎರೆಹೊಲ, ಇಂಡಿ ತಾಲ್ಲೂಕು

ಕುಣಿಮಗ್ಗದವರ ಮಾತಿಗೆ ಹೊಲದ ಕಡೆಯಿಂದ ಒಂದು ಸಾಕ್ಷಿ ಕೊಡುತ್ತೇನೆ. ಹಿಂಗಾರಿಯಲ್ಲಿ ನಮ್ಮ ಕಡೆ ಬಿಳಿಜೋಳದ ಹೊಲದ ಸುತ್ತ ಕುಸುಬಿಯ ಸಾಲು ಹಾಕುವುದನ್ನು ನೀವು ಬಸ್ಸಿನ ಕಿಟಕಿಯಿಂದಾದರೂ ಕಂಡಿರುತ್ತೀರಿ. ಕುಸುಬಿ ಬಲಿತ ಮೇಲೆ ಅದರ ಎಲೆಯಂಚು ಮುಳ್ಳಾಗುತ್ತದೆ, ದನಗಳು ಅದನ್ನು ದಾಟಿ ಒಳಗೆ ಬಾಯಿ ಹಾಕಲು ಹಿಂಜರಿಯುತ್ತವೆ. ಬೇಲಿಗೆ ಬೇಲಿಯೂ ಆಯಿತು, ಸುಗ್ಗಿಯಲ್ಲಿ ಮನೆಗೆ ಎಣ್ಣೆಯೂ ಬಂದಿತು. ಇದನ್ನು ಮೊದಲು ಮಾಡಿದವರ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಎಡೆಕುಂಟಿಯ ಬಳಕೆಯೂ ಹೀಗೆಯೇ. ಕಳೆ ತೆಗೆಯುವ ಆ ಸಾಧನವನ್ನು ಕಳೆ ಇಲ್ಲದಾಗಲೂ ಹೊಡೆಯುತ್ತೇವೆ, ಏಕೆಂದರೆ ಎರೆಮಣ್ಣು ಒಣಗುತ್ತ ಬಿರುಕು ಬಿಟ್ಟರೆ ಒಳಗಿನ ಹಸಿ ಆ ಬಿರುಕಿನಿಂದಲೇ ಹಾರಿಹೋಗುತ್ತದೆ. ಮೇಲಿನ ಮಣ್ಣನ್ನು ಸಡಿಲಗೊಳಿಸಿ ಬಿರುಕು ಮುಚ್ಚಿದರೆ ಮಳೆಯಿಲ್ಲದ ದಿನಗಳಲ್ಲಿಯೂ ಜೋಳ ತಡೆದುಕೊಳ್ಳುತ್ತದೆ.

ಹೆಸರು ಉಳಿದವರೂ ಇದ್ದಾರೆ. ನಮ್ಮ ಜಿಲ್ಲೆಯವರಲ್ಲದಿದ್ದರೂ ದೂರದವರೇನಲ್ಲ, ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿತು. ಬಿತ್ತನೆ ಯಂತ್ರದಿಂದ ಅವರು ಪ್ರಸಿದ್ಧರು. ಆದರೆ ನನಗೆ ಹೆಚ್ಚು ಪ್ರಿಯವಾದದ್ದು ಅವರ ಮೊದಲ ಸಾಧನ. ಬೆಳಿಗ್ಗೆ ಬೇಗ ಏಳಲು ಆಗುತ್ತಿರಲಿಲ್ಲವೆಂದು, ಗಡಿಯಾರದ ಕೀಲಿ ಬಿಚ್ಚಿಕೊಳ್ಳುವಾಗ ದಾರ ಎಳೆದು ಮುಖದ ಮೇಲೆ ನೀರು ಸುರಿಯುವ ವ್ಯವಸ್ಥೆಯನ್ನು ತಮಗೆ ತಾವೇ ಮಾಡಿಕೊಂಡಿದ್ದರು. ಹುಣಸೆಹಣ್ಣಿನಿಂದ ಬೀಜ ಬೇರ್ಪಡಿಸುವ ಯಂತ್ರ ಹುಟ್ಟಿದ್ದೂ ಸ್ವಂತ ತೋಟದ ಹುಣಸೆಯ ತೊಂದರೆಯಿಂದಲೇ. ತನ್ನ ಕಾಲಿಗೆ ಚುಚ್ಚುವ ಮುಳ್ಳಿನಿಂದಲೇ ಅವರು ಪ್ರತಿ ಬಾರಿಯೂ ಆರಂಭಿಸಿದರು. ಹಾಗಾಗಿ ನಿಮ್ಮನ್ನು ಕೇಳುತ್ತೇನೆ: ನಿಮ್ಮ ಕೆಲಸದಲ್ಲಿ ನಿಮಗೆ ಅತಿ ಬೇಸರ ತರಿಸುವುದು ಯಾವುದು?

ಉತ್ತರ: ಕೋಟೆಕೆರೆ, ಬೆಳಗಾವಿ

ಮನೋವಿಜ್ಞಾನ ಕಲಿಸುವವಳಾಗಿ ಎರಡು ಮಾತು ಸೇರಿಸಬೇಕೆನ್ನಿಸಿತು. ಮೊದಲನೆಯದು ಒಂದು ಎಚ್ಚರಿಕೆ. ಕೊರತೆಯಿಂದ ಜಾಣತನ ಹುಟ್ಟುತ್ತದೆ ಎಂಬುದನ್ನು ಹೊಗಳುತ್ತ ಹೋದರೆ ಕೊರತೆಯನ್ನೇ ಹೊಗಳಿದಂತಾಗುತ್ತದೆ. ಕುಣಿಮಗ್ಗದವರ ತಾಯಿಗೆ ಒಂದು ಒಳ್ಳೆಯ ದೀಪ ಇದ್ದಿದ್ದರೆ ಅವರ ಕಣ್ಣು ಇನ್ನಷ್ಟು ವರ್ಷ ಚೆನ್ನಾಗಿರುತ್ತಿತ್ತೇನೋ. ಆ ಧೋತರದ ಉಪಾಯವನ್ನು ನಾನು ಮನಸಾರೆ ಮೆಚ್ಚುತ್ತೇನೆ, ಆದರೆ ದೀಪದ ಬೇಡಿಕೆಯನ್ನು ನಾವು ಅದರಿಂದ ಮುಚ್ಚಬಾರದು.

ಎರಡನೆಯದು, ಕಣ್ಣೆದುರಿನ ವಸ್ತು ಏಕೆ ಕಾಣುವುದಿಲ್ಲ ಎಂಬ ಪ್ರಶ್ನೆ. ಕಾರ್ಲ್ ಡಂಕರ್ ಎಂಬ ಜರ್ಮನ್ ಮನೋವಿಜ್ಞಾನಿಯ ಒಂದು ಪ್ರಯೋಗ ಇಂಗ್ಲಿಷಿನಲ್ಲಿ 1945ರಲ್ಲಿ ಪ್ರಕಟವಾಯಿತು. ಮೇಣದಬತ್ತಿ, ಬೆಂಕಿಕಡ್ಡಿ ಮತ್ತು ಒಂದು ಡಬ್ಬಿ ತುಂಬ ಸಣ್ಣ ಮೊಳೆಗಳನ್ನು ಕೊಟ್ಟು, ಬತ್ತಿಯನ್ನು ಗೋಡೆಗೆ ನಿಲ್ಲಿಸಿರಿ ಎಂದು ಹೇಳುತ್ತಾರೆ. ಡಬ್ಬಿಯನ್ನು ಬರಿದುಮಾಡಿ, ಅದನ್ನೇ ಗೋಡೆಗೆ ಮೊಳೆಯಿಂದ ಜಡಿದು, ಅದರ ಮೇಲೆ ಬತ್ತಿ ನಿಲ್ಲಿಸುವುದು ಪರಿಹಾರ. ಹಲವರಿಗೆ ಇದು ಹೊಳೆಯುವುದಿಲ್ಲ. ಮೊಳೆಗಳನ್ನು ಹೊರಗಿಟ್ಟು ಖಾಲಿ ಡಬ್ಬಿಯನ್ನೇ ಕೊಟ್ಟಾಗ ಮಾತ್ರ ಹೆಚ್ಚು ಜನ ಬಿಡಿಸುತ್ತಾರೆ. ತುಂಬಿರುವ ಡಬ್ಬಿ ನಮ್ಮ ಕಣ್ಣಿಗೆ ಮೊಳೆ ಇಡುವ ಡಬ್ಬಿ ಮಾತ್ರ. ನಿಮ್ಮ ಚೀಟಿ, ಖಾತೆ, ಮುದ್ರೆ, ಕಪಾಟು, ಇವೆಲ್ಲವೂ ಹದಿನಾಲ್ಕು ವರ್ಷಗಳಲ್ಲಿ ನಿಮಗೆ ಹಾಗೆ ತುಂಬಿದ ಡಬ್ಬಿಗಳಾಗಿವೆ. ನಿಮ್ಮ ತಂಗಿಯ ಮಗನಿಗೆ ಗೋಲಗುಮ್ಮಟವು ಖಾಲಿ ಡಬ್ಬಿಯಾಗಿತ್ತು, ಅದಕ್ಕೇ ಅವನಿಗೆ ಕಂಬವಿಲ್ಲದ್ದು ಕಂಡಿತು.

ನಡೆದಾಡಿ ಎಂದೂ ಹೇಳುತ್ತೇನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಳಿತವರಿಗಿಂತ ನಡೆಯುತ್ತಿದ್ದವರಿಗೆ ಒಂದೇ ವಸ್ತುವಿನ ಬೇರೆ ಬೇರೆ ಉಪಯೋಗಗಳು ಹೆಚ್ಚು ಹೊಳೆದವು. ಒಂದೇ ಸರಿಯುತ್ತರ ಇರುವ ಪ್ರಶ್ನೆಗಳಲ್ಲಿ ಮಾತ್ರ ಅಂಥ ಲಾಭ ಕಾಣಲಿಲ್ಲ. ಆದ್ದರಿಂದ ತಾಳೆ ನೋಡುವುದನ್ನು ಕುಳಿತೇ ಮಾಡಿ, ತಾಳೆ ಏಕೆ ತಪ್ಪುತ್ತದೆ ಎಂಬುದನ್ನು ನಡೆಯುತ್ತ ಯೋಚಿಸಿ.

ಉತ್ತರ: ಮರಳಚ್ಚು, ಬೆಳಗಾವಿ

ಉದ್ಯಮಬಾಗದ ಕಡೆ ಎರಕದ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು ನಾನು. ಕರಗಿದ ಬೀಡುಕಬ್ಬಿಣ ಆರುವಾಗ ಕುಗ್ಗುತ್ತದೆ, ಮೀಟರಿಗೆ ಸುಮಾರು 10 ಮಿಲಿಮೀಟರ್. ಅದಕ್ಕಾಗಿ ಅಚ್ಚಿನ ಮಾದರಿ ಮಾಡುವವರು ಬಳಸುವ ಅಳತೆಪಟ್ಟಿಯನ್ನೇ ಅಷ್ಟು ಹಿಗ್ಗಿಸಿ ಗೆರೆ ಹಾಕಿರುತ್ತಾರೆ. ಪ್ರತಿ ಸಲ ಲೆಕ್ಕ ಮಾಡುವ ತಾಪತ್ರಯವನ್ನು ಪಟ್ಟಿಯೊಳಗೇ ಇಳಿಸಿದ ಆ ವಿಚಾರ ನನಗೆ ಇಂದಿಗೂ ಆಶ್ಚರ್ಯ ತರುತ್ತದೆ.

ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಪಂಪಿನ ಭಾಗದಲ್ಲಿ ಮೇಲಿಂದ ಮೇಲೆ ಪೊಳ್ಳು ಬೀಳುತ್ತಿತ್ತು. ಹಿರಿಯ ಅಚ್ಚುಗಾರರೊಬ್ಬರು ಏನನ್ನೂ ಬದಲಿಸದೆ, ಹಾಳಾದ ತುಂಡುಗಳನ್ನೆಲ್ಲ ಒಂದು ವಾರ ಬಿಸಾಡದೆ ಸಾಲಾಗಿ ಜೋಡಿಸಿಟ್ಟರು. ಪೊಳ್ಳು ಎಲ್ಲ ತುಂಡುಗಳಲ್ಲಿಯೂ ದಪ್ಪ ಗೋಡೆ ತೆಳು ಗೋಡೆಗೆ ಸೇರುವ ಜಾಗದಲ್ಲಿಯೇ ಇತ್ತು. ದಪ್ಪ ಭಾಗ ಕೊನೆಗೆ ಆರುತ್ತದೆ, ಆಗ ಅದಕ್ಕೆ ತುಂಬಿಕೊಳ್ಳಲು ಲೋಹ ಸಿಗುವುದಿಲ್ಲ. ಅಲ್ಲಿ ಮರಳಿನೊಳಗೆ ಒಂದು ಕಬ್ಬಿಣದ ತುಂಡನ್ನಿಟ್ಟು ಆ ಭಾಗವನ್ನು ಬೇಗ ಆರಿಸಿದರು, ತೊಂದರೆ ತೀರಿತು. ನೀವೂ ಹದಿನೈದು ದಿನ ಏನನ್ನೂ ಸುಧಾರಿಸಬೇಡಿ. ತಪ್ಪುಗಳನ್ನು ತಿದ್ದಿ ಮರೆಯದೆ, ಒಂದು ವಹಿಯಲ್ಲಿ ಸಾಲಾಗಿ ಬರೆದಿಡಿ.

ಪ್ರಶ್ನೆ ಕೇಳಿದವರಿಂದ: ಕಿರ್ದಿಪುಸ್ತಕ, ವಿಜಯಪುರ

ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಮರಳಚ್ಚು ಅವರು ಹೇಳಿದಂತೆ ಹದಿನೈದು ದಿನ ಕಾಯ್ದೆ. ಎರೆಹೊಲದವರ ಪ್ರಶ್ನೆಗೆ ಉತ್ತರ ಮೊದಲೇ ಗೊತ್ತಿತ್ತು: ಸಂಜೆ ತಾಳೆ ಬಾರದಿರುವುದು. ತಾಳೆ ತಪ್ಪಿದಾಗ ವ್ಯತ್ಯಾಸವು 9ರಿಂದ ಶೇಷವಿಲ್ಲದೆ ಭಾಗವಾಗುತ್ತದೆಯೇ ಎಂದು ನೋಡುವುದು ಲೆಕ್ಕಿಗರ ಹಳೆಯ ರೂಢಿ. 450ನ್ನು 540 ಎಂದು ಬರೆದರೆ ವ್ಯತ್ಯಾಸ 90; ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರ ಗುಣಕವೇ ಆಗಿರುತ್ತದೆ. ನಾನು ಈ ಜಾಣತನದಿಂದ ತಪ್ಪನ್ನು ಬೇಗ ಹುಡುಕಿ, ತಿದ್ದಿ, ಮನೆಗೆ ಹೋಗುತ್ತಿದ್ದೆ. ತಪ್ಪು ಎಲ್ಲಿಂದ ಬಂದಿತೆಂದು ಹದಿನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ವಹಿಯಲ್ಲಿ ಸಾಲಾಗಿ ಬರೆದಾಗ ಕಂಡದ್ದು ಇಷ್ಟು: 16 ತಪ್ಪುಗಳಲ್ಲಿ 11 ತಪ್ಪುಗಳು ಅದಲುಬದಲಿನವು, ಮತ್ತು ಅವೆಲ್ಲವೂ ಇಬ್ಬರೇ ಸಂಗ್ರಾಹಕರ ಚೀಟಿಗಳಿಂದ ಬಂದವು. ಇಬ್ಬರೂ ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ನಡೆಯುತ್ತ, ಚೀಟಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಬರೆಯುವವರು. ಮೊತ್ತ ಬರೆಯುವ ಜಾಗ ಬೆರಳಗಲವೂ ಇಲ್ಲ; ಅಂಕಿಗಳು ಒಂದರ ಮೇಲೊಂದು ಏರಿ, ಯಾವುದು ಮೊದಲು ಯಾವುದು ನಂತರ ಎಂದು ಓದುವವಳಿಗೆ ತಿಳಿಯದಂತಾಗುತ್ತಿತ್ತು. ತಪ್ಪು ಅವರದ್ದೆಂದು ನಾನು ಇಷ್ಟು ವರ್ಷ ಮನಸ್ಸಿನಲ್ಲಿಯೇ ಅಂದುಕೊಳ್ಳುತ್ತಿದ್ದೆ. ಅದಕ್ಕಾಗಿ ಇಬ್ಬರಲ್ಲಿಯೂ ಕ್ಷಮೆ ಕೇಳಿದೆ.

ಪ್ರತಿ ಅಂಕಿಗೂ ಒಂದು ಚೌಕ ಇರುವ ಹೊಸ ಚೀಟಿಯನ್ನು ಅಚ್ಚುಹಾಕಿಸೋಣ ಎಂದು ಮೇಲಿನವರ ಮುಂದೆ ಇಟ್ಟಾಗ, ಹಳೆಯ ಚೀಟಿಗಳು ಇನ್ನೂ ಎರಡು ವರ್ಷಕ್ಕಾಗುವಷ್ಟು ಇವೆ ಎಂಬ ಉತ್ತರ ಬಂದಿತು. ಆ ಸಂಜೆ ಕೋಟೆಕೆರೆ ಅವರ ಮಾತಿನಂತೆ ಗೋಲಗುಮ್ಮಟದ ತೋಟದಲ್ಲಿ ಎರಡು ಸುತ್ತು ಹಾಕಿದೆ. ‘ಪಾವತಿಸಲಾಗಿದೆ’ ಎಂದು ದಿನಕ್ಕೆ ನೂರು ಬಾರಿ ಒತ್ತುವ ನನ್ನ ರಬ್ಬರ್ ಮುದ್ರೆಯೇ ನನ್ನ ತುಂಬಿದ ಡಬ್ಬಿಯಾಗಿತ್ತು. ಗಾಂಧಿ ಚೌಕದ ಬಳಿ ಐದು ಚೌಕಗಳ ಒಂದು ಮುದ್ರೆಯನ್ನು ಮಾಡಿಸಿ, ಹಳೆಯ ಚೀಟಿಗಳ ಖಾಲಿ ಅಂಚಿನಲ್ಲಿ ಒತ್ತಿ ಇಬ್ಬರಿಗೂ ಕೊಟ್ಟೆ. ಕಳೆದ ವಾರ ಅದಲುಬದಲಿನ ತಪ್ಪು ಒಂದೇ ಬಂದಿತು. ಅವರಲ್ಲಿ ಹಿರಿಯರು ನಿನ್ನೆ ಚೀಟಿಯನ್ನು ಅಂಗೈ ಮೇಲಿಟ್ಟು ತೋರಿಸಿ, ಅಂಚಿನಲ್ಲಿ ಒತ್ತಿದರೆ ಹೆಬ್ಬೆರಳು ಚೌಕದ ಮೇಲೆಯೇ ಬರುತ್ತದೆ, ಎಡಕ್ಕೆ ಸರಿಸಿ ಒತ್ತಿರಿ ಎಂದರು. ನಾಳೆಯಿಂದ ಎಡಕ್ಕೆ ಒತ್ತುತ್ತೇನೆ.