ಡಾಲ್ಫಿನ್ ವೈರಸ್‌ಗೂ ನಮ್ಮ ಕುರಿಗಳ ಪಿಪಿಆರ್‌ಗೂ ನಂಟಿದೆಯಾ?

ಶಿರಾ ಕುರಿಮನೆ:
ನಮ್ಮದು ಶಿರಾ ಹತ್ತಿರ, ಕುರಿ ಸಾಕಿದ್ದೇವೆ. ಪಿಪಿಆರ್ ಅಂದರೆ ಕುರಿ ಮೇಕೆಗಳಿಗೆ ಬರುವ ವೈರಸ್ ಕಾಯಿಲೆ. ಡಾಲ್ಫಿನ್, ಸೀಲ್‌ಗಳಿಗೆ ಬರುವ ವೈರಸ್ ಪಿಪಿಆರ್‌ನ ಬಳಗದ್ದೇ ಅಂತ ಓದಿದೆ. ನಿಜವಾ? ಸತ್ತು ದಡಕ್ಕೆ ಬಿದ್ದ ಪ್ರಾಣಿಯಿಂದ ವೈರಸ್ಸಿನ ಜೀನ್ ಓದಿ ಏನು ಸಿಗುತ್ತದೆ? ಕುರಿಗೂ ಬರುತ್ತದಾ ಅಂತ ಅಪ್ಪ ಕೇಳುತ್ತಿದ್ದಾರೆ.

ಕೋಲಾರ ಮೈಕ್ರೋ:
ನಿಜ. ಮಾರ್ಬಿಲಿವೈರಸ್ ಅಂತ ಒಂದು ಗುಂಪಿದೆ. ಮಕ್ಕಳ ದಡಾರ, ದನಗಳ ದೊಡ್ಡರೋಗ, ನಾಯಿಗಳ ಡಿಸ್ಟೆಂಪರ್, ಪಿಪಿಆರ್ ಎಲ್ಲಾ ಅದರಲ್ಲೇ ಬರುತ್ತವೆ. ಸತ್ತ ಪ್ರಾಣಿಯ ಶ್ವಾಸಕೋಶದ ಚೂರಿನಿಂದ ಆರ್‌ಎನ್‌ಎ (ವೈರಸ್ಸಿನ ಜೀನ್‌ಗಳಿರುವ ವಸ್ತು) ತೆಗೆದು, ಪಿಸಿಆರ್ ಅನ್ನುವ ವಿಧಾನದಲ್ಲಿ ಅದರ ಪ್ರತಿಗಳನ್ನು ಹೆಚ್ಚಿಸಿ, ಅಕ್ಷರ ಅಕ್ಷರ ಓದಿ ಬೇರೆ ವೈರಸ್‌ಗಳ ಜೊತೆ ಹೋಲಿಸುತ್ತಾರೆ. ಹಾಗೆ ನೋಡಿದಾಗ ಸೀಲ್‌ಗಳ ವೈರಸ್ ನಾಯಿ ಡಿಸ್ಟೆಂಪರ್‌ಗೆ ತೀರಾ ಹತ್ತಿರ, ಡಾಲ್ಫಿನ್‌ಗಳದ್ದು ದೊಡ್ಡರೋಗ, ಪಿಪಿಆರ್ ಕಡೆಗೆ. ಸೀಲ್ ನಾಯಿ, ಕರಡಿಗಳ ಬಳಗದ ಪ್ರಾಣಿ, ಡಾಲ್ಫಿನ್ ದನ ಕುರಿಗಳ ದೂರದ ನೆಂಟ. ನನಗೆ ಇದು ತುಂಬಾ ಇಷ್ಟವಾದ ವಿಷಯ!

ಏನು ಸಿಗುತ್ತದೆ ಅಂದ್ರಲ್ಲ, 1988ರಲ್ಲಿ ಉತ್ತರ ಸಮುದ್ರದ ಸುತ್ತ ಸುಮಾರು 18,000 ಸೀಲ್ ಸತ್ತವು, ಹೆಚ್ಚುಕಡಿಮೆ ಅದೇ ಹೊತ್ತಿಗೆ ಸೈಬೀರಿಯಾದ ಬೈಕಲ್ ಸರೋವರದಲ್ಲೂ ಸೀಲ್‌ಗಳು ಸಾಯುತ್ತಿದ್ದವು, ನೋಡಿದವರಿಗೆ ಎರಡೂ ಒಂದೇ ಕಾಯಿಲೆ ಅನ್ನಿಸುವ ಹಾಗಿತ್ತು. ಜೀನ್ ನೋಡಿದರೆ ಬೇರೆ ಬೇರೆ. ಬೈಕಲ್‌ನದ್ದು ನಾಯಿ ಡಿಸ್ಟೆಂಪರೇ. ಉತ್ತರ ಸಮುದ್ರದ್ದು ಅಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲದ ಸೀಲ್ ವೈರಸ್. ಇದು ತಿಳಿಯದೆ ರೋಗ ಎಲ್ಲಿಂದ ಬಂತು ಅಂತ ಹುಡುಕುವುದು ಹೇಗೆ?

ಚಿಂತಾಮಣಿ ಪಶುವೈದ್ಯೆ:
ನಮ್ಮಲ್ಲೂ ಇಂಥದ್ದೇ ಆಗಿದೆ. ಭಾರತದಲ್ಲಿ ಪಿಪಿಆರ್ ಮೊದಲು ಗುರುತಿಸಿದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಅದಕ್ಕೂ ಮುಂಚೆ ಕುರಿ ಮೇಕೆಗೆ ಈ ಥರ ಬಂದರೆ ದೊಡ್ಡರೋಗ ಅಂದುಕೊಳ್ಳುತ್ತಿದ್ದರು. ದೊಡ್ಡರೋಗ ಪ್ರಪಂಚದಿಂದಲೇ ಹೋಯಿತು ಅಂತ 2011ರಲ್ಲಿ ಘೋಷಿಸಿದರು, ಪಿಪಿಆರ್ ಇನ್ನೂ ಇದೆ. ಅಪ್ಪನಿಗೆ ಹೇಳಿ, ಡಾಲ್ಫಿನ್ ಬಗ್ಗೆ ಭಯ ಬೇಡ. ನಿಮ್ಮ ಮಂದೆಗೆ ರೋಗ ಬರುವುದು ಸಂತೆಯಿಂದ ತಂದ ಕುರಿಯಿಂದ, ವಲಸೆ ಮಂದೆಯ ಜೊತೆ ಬೆರೆತರೆ. ಹೊಸ ಕುರಿಯನ್ನು ಕೆಲವು ದಿನ ಬೇರೆ ಕಟ್ಟಿ. ಜ್ವರ, ಮೂಗು ಸೋರುವುದು, ಬಾಯಿ ಹುಣ್ಣು, ಭೇದಿ ಕಂಡರೆ ತಡ ಮಾಡಬೇಡಿ. ಲಸಿಕೆ ಹಾಕಿಸಿದ್ದೀರಾ?

ತಿಪಟೂರು ಮಂಜು:
ಹಕ್ಕಿಜ್ವರದ್ದೂ ಸೇರಿಸುತ್ತೇನೆ. 2023ರಲ್ಲಿ ಅರ್ಜೆಂಟೀನಾದ ವಾಲ್ಡೆಸ್ ಕಡಲತೀರದಲ್ಲಿ 17,000ಕ್ಕೂ ಜಾಸ್ತಿ ಆನೆಸೀಲ್ ಮರಿಗಳು ಎಚ್5ಎನ್1 ಅನ್ನುವ ಹಕ್ಕಿಜ್ವರದ ವೈರಸ್‌ನಿಂದ ಸತ್ತವು. ಆ ವೈರಸ್ಸಿನಲ್ಲಿ ಸಸ್ತನಿಗಳ ದೇಹಕ್ಕೆ ಒಗ್ಗುವಂಥ ಬದಲಾವಣೆಗಳು ಕಂಡವು. ಹಕ್ಕಿಗಳ ವೈರಸ್ ಸೀಲ್‌ನಿಂದ ಸೀಲ್‌ಗೆ ಹರಡಿರಬೇಕು ಅನ್ನಲು ಅದೂ ಒಂದು ಆಧಾರ. ಇಂಥದ್ದನ್ನು ಸುಮ್ನೆ ಬಿಡಬಾರದು ಅಲ್ವಾ?

ಶಿರಾ ಕುರಿಮನೆ:
ಎಲ್ಲರಿಗೂ ಥ್ಯಾಂಕ್ಸ್. ಮೇಡಂ, ದೊಡ್ಡ ಕುರಿಗಳಿಗೆ ಹಾಕಿಸಿದೆ, ಮರಿಗಳಿಗೆ ಯಾವಾಗ?

ಚಿಂತಾಮಣಿ ಪಶುವೈದ್ಯೆ:
ಮೂರು ನಾಲ್ಕು ತಿಂಗಳು ತುಂಬಿದ ಮೇಲೆ. ಪಶು ಆಸ್ಪತ್ರೆಯಲ್ಲಿ ಈಗಲೇ ಹೇಳಿಡಿ.