ಸಹಾಯ ಬೇಕು: ಮ್ಯಾರಥಾನ್ ತರಬೇತುದಾರರನ್ನು ಆರಿಸುವುದು ಹೇಗೆ?

ಗುಂಪಿನ ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ನನ್ನ ಪಾಡಿಗೆ ನಾನು ಓಡುತ್ತಾ ಮೂರು ಅರ್ಧ ಮ್ಯಾರಥಾನ್‌ಗಳನ್ನು ಮುಗಿಸಿರುವ ನಾನು, ಈಗ 42.195 ಕಿಲೋಮೀಟರಿನ ಪೂರ್ಣ ಮ್ಯಾರಥಾನ್‌ಗೆ ಸಿದ್ಧನಾಗಲು ತರಬೇತುದಾರರೊಬ್ಬರನ್ನು ಹುಡುಕುತ್ತಿದ್ದೇನೆ. ಇದುವರೆಗೆ ಇಬ್ಬರೊಂದಿಗೆ ಮಾತನಾಡಿದ್ದೇನೆ. ಮೊದಲನೆಯವರು ಸ್ವತಃ ವೇಗದ ಓಟಗಾರರು. ಆದರೆ ನನ್ನ ಹಳೆಯ ಮೊಣಕಾಲು ನೋವು, ನಿದ್ದೆ, ಕೆಲಸದ ವೇಳೆ ಯಾವುದನ್ನೂ ಕೇಳದೆ, ಮೊದಲ ವಾರದಿಂದಲೇ ನಾಲ್ಕು ದಿನ ವೇಗದ ಓಟವಿರುವ ಸಿದ್ಧ ವೇಳಾಪಟ್ಟಿಯೊಂದನ್ನು ಕಳುಹಿಸಿಬಿಟ್ಟರು. ದೀರ್ಘ ದೂರದ ತರಬೇತಿಯಲ್ಲಿ ಬಹುಪಾಲು ಓಟವು ಮಾತನಾಡುತ್ತಲೇ ಓಡಬಹುದಾದಷ್ಟು ನಿಧಾನವಾಗಿರಬೇಕು, ದೂರವನ್ನು ಹಂತಹಂತವಾಗಿ ಏರಿಸುತ್ತಾ ನಡುನಡುವೆ ಹಗುರವಾದ ವಾರಗಳನ್ನು ಇಡಬೇಕು, ಸ್ಪರ್ಧೆಗೆ ಮುಂಚಿನ ಎರಡು ಮೂರು ವಾರ ಒಟ್ಟು ದೂರವನ್ನು ತಗ್ಗಿಸಬೇಕು ಎಂಬಷ್ಟು ನನಗೂ ತಿಳಿದಿರುವುದರಿಂದ, ಆ ಪಟ್ಟಿ ನನ್ನಲ್ಲಿ ವಿಶ್ವಾಸ ಮೂಡಿಸಲಿಲ್ಲ. (ಚೆನ್ನಾಗಿ ಓಡುವವರೆಲ್ಲ ಚೆನ್ನಾಗಿ ಓಡಿಸಬಲ್ಲರು ಎಂದೇನೂ ಇಲ್ಲವಲ್ಲ!) ಎರಡನೆಯವರು ಎಲ್ಲವನ್ನೂ ತಾಳ್ಮೆಯಿಂದ ವಿಚಾರಿಸಿದರು, ಆದರೆ ಅವರು ಗಡಿಯಾರದಲ್ಲಿ ದಾಖಲಾದ ಹೃದಯ ಬಡಿತ ಮತ್ತು ವೇಗವನ್ನು ನೋಡಿ ಆನ್‌ಲೈನ್‌ನಲ್ಲಷ್ಟೇ ಮಾರ್ಗದರ್ಶನ ನೀಡುತ್ತಾರೆ.

ಓಟದ ಭಂಗಿಯನ್ನು ಎದುರು ನಿಂತು ನೋಡದ ತರಬೇತುದಾರರಿಂದ, ಮೊಣಕಾಲು ನೋವಿನ ಹಿನ್ನೆಲೆಯುಳ್ಳ ನನ್ನಂಥವನಿಗೆ ಪ್ರಯೋಜನವಾದೀತೇ? ಪ್ರಮಾಣಪತ್ರ ಮತ್ತು ಹಳೆಯ ಶಿಷ್ಯರ ಅನುಭವ, ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ತೂಕ ಕೊಡಬೇಕು? ತರಬೇತಿಗೆ ಸೇರುವ ಮೊದಲು ತಾವು ಯಾವ ಪ್ರಶ್ನೆಗಳನ್ನು ಕೇಳಿದ್ದಿರಿ ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ದೊಡ್ಡ ಉಪಕಾರವಾಗುತ್ತದೆ.